ದೂರಿನ ಆ್ಯಪ್, ನಿರ್ಧಾರದ ಹಕ್ಕು

ನಗರಾಡಳಿತಗಳು ಹೊರತಂದಿರುವ ಮೊಬೈಲ್ ಆ್ಯಪ್‌ಗಳನ್ನು ಡಿಜಿಟಲ್ ಪ್ರಜಾಪ್ರಭುತ್ವದ, ಎಂದರೆ ಆಡಳಿತದ ನಿರ್ಧಾರಗಳಲ್ಲಿ ನಾಗರಿಕರು ಅಂತರ್ಜಾಲದ ಮೂಲಕ ಪಾಲ್ಗೊಳ್ಳುವ ವ್ಯವಸ್ಥೆಯ, ಸಾಧನಗಳೆಂದು ಬಣ್ಣಿಸುವುದು ವಾಡಿಕೆಯಾಗಿದೆಯಾದರೂ, ದೂರು ಸಲ್ಲಿಸುವುದಕ್ಕೂ ನಿರ್ಧಾರದಲ್ಲಿ ಪಾಲು ಪಡೆಯುವುದಕ್ಕೂ ಇರುವ ಅಂತರವೇನೆಂಬುದು ಬೆಂಗಳೂರಿನ ಅನುಭವದಿಂದ ತಿಳಿದುಬರುತ್ತದೆ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರೂಪಿಸಿದ ‘ಸಹಾಯ’ ವ್ಯವಸ್ಥೆಯಲ್ಲಿ ರಸ್ತೆಗುಂಡಿ, ಉರಿಯದ ಬೀದಿದೀಪ ಅಥವಾ ತೆರವಾಗದ ಕಸದ ರಾಶಿಯ ಚಿತ್ರವನ್ನು ಸ್ಥಳದ ವಿವರದೊಂದಿಗೆ ಕಳುಹಿಸಿದರೆ ಅದಕ್ಕೊಂದು ದೂರು ಸಂಖ್ಯೆ ದೊರೆತು, ಸಂಬಂಧಪಟ್ಟ ವಿಭಾಗದ ಅಧಿಕಾರಿಗೆ ರವಾನೆಯಾಗುತ್ತದೆ. ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದವರಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಇಂತಹ ಆ್ಯಪ್‌ಗಳ ಮರ್ಮವಿರುವುದು ದೂರನ್ನು ಸ್ವೀಕರಿಸುವ ಬಗೆಯಲ್ಲಲ್ಲ, ಅದನ್ನು ‘ಇತ್ಯರ್ಥ’ವೆಂದು ಗುರುತಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದರಲ್ಲಿ. ಗುಂಡಿ ಮುಚ್ಚಬೇಕಾದವರೇ ದೂರನ್ನೂ ಮುಚ್ಚುವಂತಿದ್ದರೆ ಅಂಕಿಅಂಶಗಳು ಹಸನಾಗುತ್ತವೆ, ರಸ್ತೆ ಹಾಗೆಯೇ ಉಳಿಯುತ್ತದೆ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯವು 2016ರಲ್ಲಿ ತಂದ ‘ಸ್ವಚ್ಛತಾ’ ಆ್ಯಪ್ ಒಬ್ಬರ ದೂರನ್ನು ನೆರೆಹೊರೆಯವರೂ ಬೆಂಬಲಿಸಲು, ಪರಿಹಾರದ ಬಗ್ಗೆ ದೂರುದಾರರೇ ಅಭಿಪ್ರಾಯ ನೀಡಲು ಅವಕಾಶ ಕಲ್ಪಿಸಿದ್ದರಿಂದ, ಈ ಒಂದು ವಿಷಯದಲ್ಲಿ ಹೆಚ್ಚು ವಿವೇಕಯುತವಾಗಿತ್ತೆನ್ನಬೇಕು.

ಇಷ್ಟಾದರೂ ಇದು ಅಹವಾಲಿನ ಹಂತವೇ. ಬಾರ್ಸಿಲೋನಾ ನಗರವು 2016ರಲ್ಲಿ ಆರಂಭಿಸಿದ ‘ಡೆಸಿಡಿಮ್’ ಎಂಬ ಮುಕ್ತ ತಂತ್ರಾಂಶದ, ಅಂದರೆ ಯಾರು ಬೇಕಾದರೂ ಪರಿಶೀಲಿಸಿ ಬಳಸಬಹುದಾದ ತಂತ್ರಾಂಶದ, ವೇದಿಕೆಯಲ್ಲಿ ನಾಗರಿಕರು ನಗರದ ಕಾರ್ಯಯೋಜನೆಗೇ ಸಲಹೆಗಳನ್ನು ಮುಂದಿಟ್ಟು ಚರ್ಚಿಸಿದ್ದರು. ಭಾರತದಲ್ಲಿ ಇದಕ್ಕೆ ಬೇಕಾದ ತಳಹದಿ ಮೊಬೈಲ್ ಫೋನುಗಳಿಗಿಂತ ಮೊದಲೇ ಸಿದ್ಧವಾಗಿತ್ತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ವಿಧಿಸಿದೆ. ಯಾವ ಚರಂಡಿ ಮೊದಲು, ಯಾವ ಕಾಮಗಾರಿಗೆ ಎಷ್ಟು ಹಣ ಎಂಬ ಮಾತು ನಡೆಯಬೇಕಾದದ್ದು ಅಲ್ಲಿ. ಸ್ಮಾರ್ಟ್‌ಫೋನ್ ಇಲ್ಲದ ಪೌರಕಾರ್ಮಿಕರೂ ಬೀದಿಬದಿ ವ್ಯಾಪಾರಿಗಳೂ ಬಂದು ಕೂರಬಹುದಾದ ಜಾಗವೂ ಅದೇ.

ಆ್ಯಪ್‌ನ ಮೂಲಕ ಸಮಿತಿಯ ಸಭೆಯ ದಿನಾಂಕ, ನಡಾವಳಿ, ಕಾಮಗಾರಿಯ ಬಿಲ್ಲುಗಳು ಸಾರ್ವಜನಿಕರಿಗೆ ಸಿಗುವಂತಾದರೆ ಅದಕ್ಕೆ ನಿಜವಾದ ಬಲ ಬರುತ್ತದೆ. ಆದರೆ ಬೆಂಗಳೂರಿನಲ್ಲಿ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯು ಐದು ನಗರ ಪಾಲಿಕೆಗಳಾಗಿ ವಿಂಗಡವಾಗುವವರೆಗೂ ಚುನಾವಣೆಯೇ ನಡೆಯಲಿಲ್ಲ. ಆ ಐದು ವರ್ಷ ಬೆಂಗಳೂರಿಗರ ಬಳಿ ದೂರು ಸಂಖ್ಯೆಗಳಿದ್ದವು, ಕಾರ್ಪೊರೇಟರ್‌ಗಳಿರಲಿಲ್ಲ.