ಮನೆತನದ ಹಿಡುವಳಿಯನ್ನು ಮೊಮ್ಮಕ್ಕಳ ಕಾಲಕ್ಕೂ ಉಳಿಸಿಕೊಳ್ಳುವ ಬಗೆ

ಅಂಗಡಿಯ ಯಜಮಾನನು ತೀರಿಕೊಂಡರೆ ಅವನ ಮಕ್ಕಳು ಅಂಗಡಿಯ ಗೋಡೆಗಳನ್ನು ಒಡೆದು ಹಂಚಿಕೊಳ್ಳುವುದಿಲ್ಲ. ಬಂದ ಲಾಭವನ್ನು ಹಂಚಿಕೊಳ್ಳುತ್ತಾರೆ. ಒಕ್ಕಲುತನವೂ ಮನೆತನದ ಉದ್ಯೋಗವೇ. ಆದರೆ ಇದರಲ್ಲಿ ಮಾತ್ರ ಮೂಲ ಬಂಡವಾಳವಾದ ಭೂಮಿಯನ್ನೇ ತಲೆಮಾರಿಗೊಮ್ಮೆ ತುಂಡರಿಸುವ ರೂಢಿಯು ಬಿದ್ದಿದೆ. ಅಜ್ಜನ ಕಾಲಕ್ಕೆ ಊರಿನ ಹಿರಿಯ ಕುಳವೆನಿಸಿದ್ದ ಮನೆಯು ಮೊಮ್ಮಕ್ಕಳ ಕಾಲಕ್ಕೆ ಕೂಲಿಗೆ ಹೋಗುವ ಮನೆಯಾಗುವುದಕ್ಕೆ ಮಳೆಯ ಕೊರತೆ, ಬೆಲೆಯ ಇಳಿತಗಳಷ್ಟೇ ಈ ರೂಢಿಯೂ ಕಾರಣವೆಂಬುದನ್ನು ಗ್ರಾಮದ ಹಿರಿಯರು ಬಲ್ಲರು. ಇದಕ್ಕೆ ಮಾಡತಕ್ಕ ಉಪಾಯವೇನೆಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲೂಕುಗಳಲ್ಲಿ ಈ ಪ್ರಶ್ನೆಯು ಬಯಲುಸೀಮೆಗಿಂತ ಹೆಚ್ಚು ಬಿಗಿಯಾಗಿದೆ. ಹಳಿಯಾಳದ ಭತ್ತ ಮತ್ತು ಕಬ್ಬಿನ ಭೂಮಿಯಾಗಲಿ, ಮುಂಡಗೋಡದ ಭತ್ತ ಮತ್ತು ಗೋವಿನಜೋಳದ ಭೂಮಿಯಾಗಲಿ, ಜೋಯಿಡಾದ ಕಣಿವೆಗಳಲ್ಲಿನ ಗದ್ದೆ, ಅಡಿಕೆತೋಟ, ಗೆಡ್ಡೆಗೆಣಸಿನ ಹಿತ್ತಲುಗಳಾಗಲಿ, ಬಹಳ ಕಡೆ ಹೊಲದ ಬದುವಿಗೆ ಹೊಂದಿಯೇ ಅಡವಿಯು ನಿಂತಿದೆ. ದಾಂಡೇಲಿಯ ಅಭಯಾರಣ್ಯವು 1956ರಲ್ಲಿಯೂ, ಅಣಶಿಯ ರಾಷ್ಟ್ರೀಯ ಉದ್ಯಾನವು 1987ರಲ್ಲಿಯೂ ಆದವು. ಇವೆರಡೂ ಕೂಡಿ 2007ರಲ್ಲಿ ಹುಲಿಗಳ ಸಂರಕ್ಷಿತ ಪ್ರದೇಶವಾಗಿ, 2015ರಿಂದ ಕಾಳಿ ಎಂಬ ಹೆಸರನ್ನು ಪಡೆದಿವೆ. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ತರುವಾಯ ಅಡವಿಯನ್ನು ಕಡಿದು ಹೊಸ ಹೊಲ ಮಾಡುವ ಮಾತೇ ಉಳಿದಿಲ್ಲ. ಆದುದರಿಂದ ಮನೆಯ ಜನವು ಬೆಳೆದರೂ ಭೂಮಿಯು ಬೆಳೆಯದು. ಇದ್ದುದನ್ನು ಹೇಗೆ ಇಟ್ಟುಕೊಳ್ಳಬೇಕೆಂಬುದೊಂದೇ ಪ್ರಶ್ನೆ.

ತುಂಡು ಹಿಡುವಳಿಯ ಲೆಕ್ಕ

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಒಬ್ಬ ಹಿರಿಯರಿಗೆ 24 ಎಕರೆ ಭೂಮಿ. ಅದು ತಲಾ 6 ಎಕರೆಯ 4 ಸರ್ವೆ ನಂಬರುಗಳಲ್ಲಿದೆ. ಅವರಿಗೆ ಮೂವರು ಮಕ್ಕಳು, ಅವರಲ್ಲಿ ಪ್ರತಿಯೊಬ್ಬರಿಗೂ ಮೂವರು ಮಕ್ಕಳು. ಮೊಮ್ಮಗನೊಬ್ಬನಿಗೆ ಬರುವ ಪಾಲು 2 ಎಕರೆ 26 ಗುಂಟೆಗಿಂತ ತುಸು ಹೆಚ್ಚು. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆದರೆ ಒಂದು ನಂಬರು ನೀರಾವರಿ, ಇನ್ನೊಂದು ಮಕ್ಕಿ, ಮತ್ತೊಂದು ಊರಿಗೆ ಸಮೀಪ, ಮಗುದೊಂದು ಅಡವಿಯ ಅಂಚು. ಹೀಗಿರಲಾಗಿ ಯಾರಿಗೂ ಅನ್ಯಾಯವಾಗಬಾರದೆಂದು ನಾಲ್ಕೂ ನಂಬರುಗಳನ್ನು ಒಂಬತ್ತೊಂಬತ್ತು ಪಟ್ಟಿಗಳಾಗಿ ಸೀಳುವರು. ಒಟ್ಟು 36 ತುಂಡುಗಳಾದವು.

6 ಎಕರೆಯ ಒಂದು ಹೊಲವು 660 ಅಡಿ ಉದ್ದ, 396 ಅಡಿ ಅಗಲವಿದ್ದರೆ ಪ್ರತಿಯೊಂದು ಪಟ್ಟಿಯ ಅಗಲವು 44 ಅಡಿ ಮಾತ್ರ. ಪಟ್ಟಿಗಳ ನಡುವೆ 8 ಹೊಸ ಬದುಗಳು ಬೇಕು. ಬದುವೊಂದಕ್ಕೆ 3 ಅಡಿ ಹಿಡಿದರೂ ಆ ಒಂದೇ ಹೊಲದಲ್ಲಿ 14½ ಗುಂಟೆ ಭೂಮಿಯು ಬದುವಿನ ಪಾಲಾಯಿತು. ನಾಲ್ಕು ಹೊಲಗಳಲ್ಲಿ ಸುಮಾರು 1 ಎಕರೆ 18 ಗುಂಟೆ. ಅಷ್ಟು ಭೂಮಿಯು ಯಾವ ಮೊಮ್ಮಗನಿಗೂ ಬೆಳೆ ಕೊಡುವುದಿಲ್ಲ. ಇದಲ್ಲದೆ 44 ಅಡಿ ಅಗಲದ ಪಟ್ಟಿಯಲ್ಲಿ ಅಡ್ಡ ಉಳುಮೆ ಮಾಡಲು ಟ್ರ್ಯಾಕ್ಟರ್ ತಿರುಗುವುದು ಕಷ್ಟ; ಬಾವಿ ತೋಡಿಸುವವನು ಇಲ್ಲ; ಹಂದಿ, ಕಾಡುಕೋಣಗಳ ಕಾವಲಿಗೆ ನಾಲ್ಕು ಕಡೆ ನಾಲ್ಕು ಅಟ್ಟಣೆ ಕಟ್ಟಬೇಕು. ನ್ಯಾಯವಾಗಿ ಹಂಚಿದೆವೆಂಬ ಸಮಾಧಾನವೊಂದೇ ಉಳಿದು, ಒಕ್ಕಲುತನವು ಹೋಯಿತು.

ಇದು ಹೊಸ ರೋಗವಲ್ಲ. ಮುಂಬಯಿ ಇಲಾಖೆಯ ಕೃಷಿ ಅಧಿಕಾರಿಯಾಗಿದ್ದ ಹೆರಾಲ್ಡ್ ಮ್ಯಾನ್ ಅವರು ಪುಣೆಯ ಹತ್ತಿರದ ಪಿಂಪಳೆ ಸೌದಾಗರ ಎಂಬ ಹಳ್ಳಿಯನ್ನು ಪರಿಶೀಲಿಸಿ 1917ರಲ್ಲಿ ಪ್ರಕಟಿಸಿದ ವರದಿಯಂತೆ, 1771ರಲ್ಲಿ ಅಲ್ಲಿಯ ಸರಾಸರಿ ಹಿಡುವಳಿಯು 40 ಎಕರೆಯಿದ್ದುದು 1914–15ರ ವೇಳೆಗೆ 7 ಎಕರೆಗೆ ಇಳಿದಿತ್ತು. ಆಗ ನಮ್ಮ ಜಿಲ್ಲೆಯೂ ಮುಂಬಯಿ ಇಲಾಖೆಗೇ ಸೇರಿದ್ದಿತು. 1927ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಸಣ್ಣ ಹಿಡುವಳಿಗಳ ಮಸೂದೆಯು ಬಂದಿತಾದರೂ ವಿರೋಧದಿಂದ ಬಿದ್ದುಹೋಯಿತು. ವಿರೋಧಿಸಿದವರಲ್ಲಿ ಡಾ. ಅಂಬೇಡ್ಕರರೂ ಒಬ್ಬರು. ಭೂಮಿಯ ತುಂಡಿನ ಮೇಲೆ ನಿರ್ಬಂಧ ಹಾಕಿದ ಮಾತ್ರಕ್ಕೆ ಭೂಮಿಯನ್ನೇ ನಂಬಿದ ಹೆಚ್ಚಿನ ಜನಕ್ಕೆ ಬೇರೆ ದುಡಿಮೆಯು ದೊರೆಯದೆಂಬುದು ಅವರು 1918ರಿಂದಲೂ ಪ್ರತಿಪಾದಿಸುತ್ತ ಬಂದ ವಿಚಾರ. 1947ರಲ್ಲಿ ಮುಂಬಯಿಯಲ್ಲಿ ತುಂಡುಗಡಿತವನ್ನು ತಡೆಯುವ ಕಾಯಿದೆಯಾಯಿತು; ಮೈಸೂರು ರಾಜ್ಯಕ್ಕೆ 1966ರಲ್ಲಿ ಅಂಥದೇ ಕಾಯಿದೆಯು ಬಂದು ಮುಂದೆ ರದ್ದಾಯಿತು. ಸರಕಾರದ ಕಾಯಿದೆಗಿಂತ ಮನೆಯೊಳಗಿನ ಕರಾರೇ ಹೆಚ್ಚು ಗಟ್ಟಿಯಾಗಬೇಕೆಂಬುದು ಇದರಿಂದ ತಿಳಿಯಬೇಕಾದ ಪಾಠ.

ಕೂಡಿ ಬಾಳುವುದೇಕೆ ಕೆಡುತ್ತದೆ

ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬ ಗಾದೆಯನ್ನು ಹೇಳಿ ಹಿರಿಯರು ನಿಟ್ಟುಸಿರುಬಿಡುತ್ತಾರೆ. ಆದರೆ ಕಲಹದ ಮೂಲವು ಮನುಷ್ಯನ ಸ್ವಭಾವಕ್ಕಿಂತ ಲೆಕ್ಕವಿಲ್ಲದಿರುವುದರಲ್ಲಿದೆ. ದಾಂಡೇಲಿಯಲ್ಲಿ 1955ರಲ್ಲಿ ಕಾಗದದ ಕಾರಖಾನೆಯು ಸ್ಥಾಪಿತವಾದಂದಿನಿಂದ ಹೊಲದಾಚೆಯ ದುಡಿಮೆಯು ಈ ಸೀಮೆಗೆ ಪರಿಚಿತವಾಗಿದೆ. ಈಗಲಂತೂ ಹುಬ್ಬಳ್ಳಿ, ಬೆಂಗಳೂರು, ಗೋವೆಗಳಿಗೆ ಹೋಗುವ ತರುಣರು ಬಹಳ. ಒಬ್ಬ ತಮ್ಮನು ಸಂಬಳದಲ್ಲಿದ್ದಾನೆ, ಅಣ್ಣನು ಹೊಲದಲ್ಲಿದ್ದಾನೆ. ಇಪ್ಪತ್ತು ವರ್ಷಗಳಲ್ಲಿ ಅಣ್ಣನು ಗದ್ದೆಯನ್ನು ಸಮ ಮಾಡಿ, ಬಾವಿ ತೋಡಿಸಿ, ಮಾವಿನ ಸಸಿ ಹಚ್ಚಿ ಬೆಳೆಸಿದನು. ವಾಟ್ನಿಯ ದಿನ ತಮ್ಮನು ಸಮಪಾಲು ಕೇಳುತ್ತಾನೆ. 'ಬೆವರು ನನ್ನದು' ಎಂದು ಅಣ್ಣನ ವಾದ. 'ಬಾವಿಗೆ ಹಣ ಕಳಿಸಿದವನು ನಾನು, ಇಪ್ಪತ್ತು ವರ್ಷದ ಫಲವನ್ನು ಉಂಡವನು ನೀನು' ಎಂದು ತಮ್ಮನ ವಾದ. ಇಬ್ಬರದೂ ಸತ್ಯವೇ. ಬರೆದಿಟ್ಟ ಲೆಕ್ಕವಿಲ್ಲದ್ದರಿಂದ ಅವೆರಡು ಸತ್ಯಗಳು ನ್ಯಾಯಾಲಯದ ಮೆಟ್ಟಲನ್ನು ಹತ್ತುತ್ತವೆ.

ಮನೆಯ ಹೆಣ್ಣುಮಕ್ಕಳ ವಿಷಯವು ಇನ್ನೊಂದು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕು ಪ್ರಾಪ್ತವಾಗಿದೆ. 2005ರಲ್ಲಿ ತಂದೆಯು ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಮಾನಿಸಿತು. ಬಾಯಿಮಾತಿನ ವಾಟ್ನಿಯನ್ನು ವಿಶೇಷ ಸಂದರ್ಭವಿಲ್ಲದೆ, ಸಾರ್ವಜನಿಕ ದಾಖಲೆಗಳ ಆಧಾರವಿಲ್ಲದೆ ಒಪ್ಪಲಾಗದೆಂದೂ ಆ ತೀರ್ಪಿನಲ್ಲಿದೆ. ತವರಿನ ಸೀರೆ, ಅರಿಸಿನ ಕುಂಕುಮಗಳಿಂದ ಹಕ್ಕು ತೀರಿತೆಂದು ತಿಳಿದು ಕುಳಿತ ಮನೆಗಳು ಮುಂದೆ ತೊಂದರೆಗೆ ಈಡಾಗುವವು. ಮಗಳನ್ನು ಲೆಕ್ಕದಿಂದ ಹೊರಗಿಟ್ಟು ಮಾಡಿದ ಏರ್ಪಾಡು ಏರ್ಪಾಡೇ ಅಲ್ಲ. ಮುಸಲ್ಮಾನ, ಕ್ರೈಸ್ತ ಕುಟುಂಬಗಳಿಗೆ ಅವರವರ ವಾರಸಾ ನಿಯಮಗಳುಂಟು. ಹಿಂದೂ ವಾರಸಾ ಕಾಯಿದೆಯು ಪರಿಶಿಷ್ಟ ಪಂಗಡಗಳಿಗೆ ತಾನಾಗಿ ಅನ್ವಯಿಸದಿರುವುದರಿಂದ, 2003ರಿಂದ ಆ ಪಟ್ಟಿಯಲ್ಲಿರುವ ಈ ಭಾಗದ ಸಿದ್ದಿ ಕುಟುಂಬಗಳು ಬಲ್ಲವರನ್ನು ಕೇಳಿ ನಡೆಯತಕ್ಕದ್ದು.

ಅನುಸರಿಸತಕ್ಕ ಕ್ರಮ

ಮೊದಲನೆಯದು, ಭೂಮಿಯನ್ನಲ್ಲ, ಫಲವನ್ನು ಹಂಚುವುದು. ತಾಯಿ, ಇಬ್ಬರು ಅಣ್ಣತಮ್ಮಂದಿರು, ಒಬ್ಬ ತಂಗಿ ಸಮಪಾಲಿಗೆ ಒಪ್ಪಿರುವರೆಂದು ಭಾವಿಸೋಣ. ವರ್ಷದ ಉತ್ಪನ್ನವು 3,00,000 ರೂಪಾಯಿ. ಬೀಜ, ಗೊಬ್ಬರ, ಆಳಿನ ಖರ್ಚು 1,40,000. ಹೊಲದಲ್ಲಿ ನಿಂತು ದುಡಿದ ಅಣ್ಣನಿಗೆ ದುಡಿಮೆಯ ಸಂಬಳವೆಂದು 60,000. ಬಾವಿ, ಬದು, ಬೇಲಿಗಳ ದುರಸ್ತಿಗೆ 20,000 ಬೇರೆ ಇಡತಕ್ಕದ್ದು. ಉಳಿದ 80,000ವನ್ನು ನಾಲ್ವರಿಗೂ ಹಂಚಿದರೆ ತಲಾ 20,000. ದುಡಿದವನಿಗೆ ದುಡಿಮೆಯ ಬೆಲೆ, ಹಕ್ಕುಳ್ಳವರಿಗೆ ಹಕ್ಕಿನ ಬೆಲೆ ಎರಡೂ ಸಂದವು. ಹೊಲವು ಇಡಿಯಾಗಿ ಉಳಿಯಿತು.

ಎರಡನೆಯದು, ಸುಧಾರಣೆಗೆ ಹಾಕಿದ ಹಣವನ್ನು ಬೇರೊಂದು ವಹಿಯಲ್ಲಿ ಬರೆಯುವುದು. ಬಾವಿಗೆ ಯಾರು ಎಷ್ಟು ಕೊಟ್ಟರು, ತೋಟವನ್ನು ಯಾವ ವರ್ಷ ಯಾರು ಹಚ್ಚಿದರು ಎಂಬುದಕ್ಕೆ ಎಲ್ಲ ಪಾಲುದಾರರ ಸಹಿಯಿರಬೇಕು. ಮುಂದೆ ಬೇರೆಯಾಗುವ ಪ್ರಸಂಗ ಬಂದರೆ ಆ ವಹಿಯೇ ಪಂಚರ ಕೆಲಸವನ್ನು ಮಾಡುವುದು.

ಮೂರನೆಯದು, ಬೇರೆಯಾಗಲೇಬೇಕಾದರೆ ಇಡಿ ನಂಬರುಗಳನ್ನೇ ಪಾಲಿಗೆ ಹಾಕುವುದು. ನೀರಾವರಿ ಪಡೆದವನು ಮಕ್ಕಿ ಪಡೆದವನಿಗೆ ಬೆಲೆಯ ಅಂತರವನ್ನು ಹಣದಿಂದ ತುಂಬಿಕೊಡಲಿ. ಒಂದೇ ಸಲ ಆಗದಿದ್ದರೆ ಕಂತುಗಳನ್ನು ಗೊತ್ತುಪಡಿಸಿ ಪತ್ರದಲ್ಲಿ ಬರೆಯಲಿ. ವಾಟ್ನಿಪತ್ರವು ನೋಂದಣಿಯಾಗತಕ್ಕದ್ದು. ಕರ್ನಾಟಕದಲ್ಲಿ ಭೂಸುಧಾರಣಾ ಕಾಯಿದೆಯ 1974ರ ತಿದ್ದುಪಡಿಯ ತರುವಾಯ ಸಾಗುವಳಿ ಭೂಮಿಯನ್ನು ಗೇಣಿಗೆ ಕೊಡುವುದು ಕೆಲವು ಅಪವಾದಗಳ ಹೊರತು ನಿಷಿದ್ಧವೆಂಬುದನ್ನು ಮರೆಯಬಾರದು. ಮೊದಲು ವಾಟ್ನಿ ಮಾಡಿಕೊಂಡು ಆಮೇಲೆ ಅಣ್ಣನಿಗೆ ಗೇಣಿಗೆ ಬಿಡುವೆನೆಂಬ ತಮ್ಮನು ಈ ತೊಡಕನ್ನು ಮುಂಚೆಯೇ ವಕೀಲರಲ್ಲಿ ವಿಚಾರಿಸಬೇಕು. ಕೂಡಿರುವಾಗಲೇ ಫಲದ ಕರಾರು ಮಾಡಿಕೊಳ್ಳುವುದರ ಮೇಲ್ಮೆಗೆ ಇದೂ ಒಂದು ಕಾರಣ.

ನಾಲ್ಕನೆಯದು, ಮಾರಾಟವು ಮೊದಲು ಮನೆಯೊಳಗೆ. ಹಿಂದೂ ವಾರಸಾ ಕಾಯಿದೆಯ 22ನೆಯ ಕಲಮಿನಂತೆ, ವಾರಸಾದಿಂದ ಕೂಡಿ ಬಂದ ಆಸ್ತಿಯಲ್ಲಿ ಒಬ್ಬ ಪ್ರಥಮ ವರ್ಗದ ವಾರಸುದಾರನು ತನ್ನ ಪಾಲನ್ನು ಮಾರಲಿಚ್ಛಿಸಿದರೆ ಉಳಿದವರಿಗೆ ಕೊಳ್ಳುವ ಆದ್ಯ ಹಕ್ಕುಂಟು. ಈ ಕಲಮು ಕೃಷಿಭೂಮಿಗೂ ಅನ್ವಯಿಸುವುದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಹೇಳಿದೆ. ತೆಗೆದಿಟ್ಟ ನಿಧಿಯಿದ್ದರೆ ಈ ಹಕ್ಕು ಕೈಗೂಡುವುದು. ಇಲ್ಲದಿದ್ದರೆ ಕಾಗದದ ಮೇಲೇ ಉಳಿಯುವುದು.

ಐದನೆಯದು, ವಾರಸಾ ನೋಂದಣಿಯಲ್ಲಿ ಆಲಸ್ಯ ಮಾಡದಿರುವುದು. ಯಜಮಾನನು ತೀರಿದ ಮೂರು ತಿಂಗಳೊಳಗೆ ಹಕ್ಕಿನ ಬದಲಾವಣೆಯನ್ನು ವರದಿಮಾಡಬೇಕೆಂದು 1964ರ ಭೂಕಂದಾಯ ಕಾಯಿದೆಯಲ್ಲಿದೆ. ಆದರೂ ಅಜ್ಜನ ಹೆಸರಿನಲ್ಲಿಯೇ ಪಹಣಿಗಳು ನಿಂತಿರುವುದುಂಟು. ಕಾಳಿ ಮತ್ತು ಪಾಂಢರಿ ನದಿಗಳ ಸಂಗಮದಲ್ಲಿದ್ದ ಸೂಪಾ ಪಟ್ಟಣವು ಕಾಳಿ ನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿ, ತಾಲೂಕಿನ ಕಚೇರಿಯು ಜೋಯಿಡಾಕ್ಕೆ ಬಂದುದನ್ನೂ, ಮನೆಮಾರು ಬಿಟ್ಟವರು ರಾಮನಗರದಲ್ಲಿ ನೆಲೆಗೊಂಡುದನ್ನೂ ಈ ಸೀಮೆಯವರು ಕಂಡಿದ್ದಾರೆ. ಅಂಥ ಕಾಲದಲ್ಲಿ ಪರಿಹಾರವು ಕೇಳುವುದು ದಾಖಲೆಯನ್ನು, ಉಳುಮೆಯ ನೆನಪನ್ನಲ್ಲ.

ಆರನೆಯದು ಹಿರಿಯರಿಗೇ ಕಠಿಣವಾದದ್ದು: ಕೈಯಲ್ಲಿ ಶಕ್ತಿಯಿರುವಾಗಲೇ ಅಧಿಕಾರವನ್ನು ಬಿಡುವುದು. ನಲವತ್ತು ವರ್ಷದ ಮಗನು ಗೊಬ್ಬರದ ಚೀಲಕ್ಕೂ ತಂದೆಯ ಮುಂದೆ ಕೈಯೊಡ್ಡುತ್ತಿದ್ದರೆ ಅವನು ಒಕ್ಕಲುತನವನ್ನು ಕಲಿಯನು, ಕಾಯುವುದನ್ನಷ್ಟೇ ಕಲಿಯುವನು. ಮೊದಲು ಒಂದು ನಂಬರಿನ ಬೆಳೆ, ಬಳಿಕ ವಹಿ, ಕೊನೆಗೆ ಸೊಸಾಯಿಟಿಯ ವ್ಯವಹಾರ, ಹೀಗೆ ಐದಾರು ವರ್ಷಗಳಲ್ಲಿ ಒಂದೊಂದಾಗಿ ಒಪ್ಪಿಸಬೇಕು. ತಪ್ಪುಮಾಡಿದರೆ ತಿದ್ದಲು ತಂದೆಯು ಇರುವಾಗ ಮಾಡಿದ ತಪ್ಪು ಅಗ್ಗದ ತಪ್ಪು.

ಹಳಿಯಾಳಕ್ಕೆ ನೆರೆಯಾದ ಧಾರವಾಡ ತಾಲೂಕಿನ ಲೋಕೂರಿನಲ್ಲಿ ನೂರಕ್ಕೂ ಮಿಕ್ಕ ಜನರು ಒಂದೇ ಮನೆತನವಾಗಿ ಕೂಡಿ ಒಕ್ಕಲುತನ ಮಾಡಿದ ಕುಟುಂಬವು ನಾಡಿಗೆಲ್ಲ ಹೆಸರಾದುದು. ಎಲ್ಲರೂ ಹಾಗೆ ಒಂದೇ ಒಲೆಯಲ್ಲಿ ಉಣ್ಣಬೇಕೆಂದು ನಾವು ಹೇಳುವುದಿಲ್ಲ. ಒಲೆಗಳು ಬೇರೆಯಾಗಲಿ, ಮನೆಗಳು ಬೇರೆಯಾಗಲಿ. ಹೊಲವೊಂದು ಕೂಡಿರಲಿ, ವಹಿಯೊಂದು ತೆರೆದಿರಲಿ.

ಈ ಕಾರ್ಯದಲ್ಲಿ ಗ್ರಾಮದ ಹಿರಿಯರು ಮಾಡತಕ್ಕ ಉಪಕಾರವು ದೊಡ್ಡದು. ಜಗಳವೆದ್ದ ಮೇಲೆ ಪಂಚಾಯತಿಗೆ ಕೂಡುವುದಕ್ಕಿಂತ, ಯುಗಾದಿಯ ಪಾಡ್ಯದಂದು ಪ್ರತಿಯೊಂದು ಮನೆಯಲ್ಲಿಯೂ ವರ್ಷದ ಲೆಕ್ಕವನ್ನು ಹೆಣ್ಣುಮಕ್ಕಳ ಎದುರಿನಲ್ಲಿಯೂ ಓದಿ ಸಹಿಮಾಡುವ ಪದ್ಧತಿಯನ್ನು ತಮ್ಮ ಮನೆಯಿಂದಲೇ ಆರಂಭಿಸಲಿ. ಹಿರಿಯರ ಮನೆಯಲ್ಲಿ ಆದದ್ದು ಊರಿನ ರೂಢಿಯಾಗಲು ಬಹುಕಾಲ ಬೇಕಾಗುವುದಿಲ್ಲ. ಬರುವ ಪಾಡ್ಯಕ್ಕೆ ಒಂದು ವಹಿ, ಒಂದು ಲೇಖಣಿ ಸಾಕು.