ಐತಿಹಾಸಿಕ ಕೋಟೆಗಳ ಸಂರಕ್ಷಣೆ ಹಾಗೂ ದಾಖಲೀಕರಣದಲ್ಲಿ ಸ್ವಯಂಸೇವಕರ ಪಾತ್ರ

ಹಿನ್ನೆಲೆ

ಧಾರವಾಡದ ಕೋಟೆಯು ಆದಿಲಶಾಹಿ, ಮೊಘಲ್, ಮರಾಠಾ ಹಾಗೂ ಮೈಸೂರು ಆಳ್ವಿಕೆಗಳನ್ನು ಕಂಡಿದೆ. 1790ರ ಸೆಪ್ಟೆಂಬರ್‌ನಿಂದ 1791ರ ಏಪ್ರಿಲ್‌ವರೆಗೆ ಟಿಪ್ಪು ಸುಲ್ತಾನನ ಸೇನಾಧಿಕಾರಿ ಬದ್ರುಜ್ಜಮಾನ್ ಖಾನನು ಮರಾಠಾ ಹಾಗೂ ಬ್ರಿಟಿಷ್ ಪಡೆಗಳ ಮುತ್ತಿಗೆಯನ್ನು ಇಲ್ಲಿಯೇ ಎದುರಿಸಿದನು. ಈಗ ಕೋಟೆಯ ಬಹುಭಾಗವು ಅಳಿದುಹೋಗಿದ್ದು, ಹೆಬ್ಬಾಗಿಲು ಮತ್ತು ಕೆಲವು ಅವಶೇಷಗಳು ಮಾತ್ರ ಉಳಿದಿವೆ. ಅಳಿದುದನ್ನು ಮರಳಿ ಪಡೆಯಲಾಗದು. ಉಳಿದಿರುವುದನ್ನು ಕ್ರಮಬದ್ಧವಾಗಿ ದಾಖಲಿಸಲು ಅವಕಾಶವಿದೆ. ಈ ಕಾರ್ಯದಲ್ಲಿ ನಾಗರಿಕರ ನೆರವು ಅಮೂಲ್ಯವಾದುದು.

ದಾಖಲೆಯ ಮಹತ್ವ

ಧಾರರಾವ್ ಎಂಬ ಅಧಿಕಾರಿಯು 1403ರಲ್ಲಿ ಕೋಟೆಯನ್ನು ಕಟ್ಟಿಸಿದನೆಂದೂ ಅವನಿಂದಲೇ ಊರಿಗೆ ಈ ಹೆಸರು ಬಂದಿತೆಂದೂ ಪ್ರತೀತಿಯಿದೆ. ಆದರೆ 12ನೇ ಶತಮಾನದ ಶಾಸನಗಳಲ್ಲಿಯೇ ಧಾರವಾಡದ ಹೆಸರು ದೊರೆಯುವುದರಿಂದ, ಊರಿನ ಹೆಸರು ಅದಕ್ಕೂ ಹಳೆಯದೆಂದು ಸ್ಪಷ್ಟವಾಗುತ್ತದೆ. ಶಾಸನದ ಒಂದೇ ಕಲ್ಲು ಕಳೆದುಹೋದರೂ ಇಂತಹ ಸಾಕ್ಷ್ಯವು ಇಲ್ಲವಾಗುತ್ತದೆ.

ಬೆಂಗಳೂರಿನಲ್ಲಿ ಸ್ವಯಂಸೇವಕರು, ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾ 9ನೇ ಸಂಪುಟವನ್ನು ಆಧರಿಸಿ ಶಾಸನಗಳನ್ನು ಹುಡುಕಿದಾಗ, ಅನೇಕ ಕಲ್ಲುಗಳು ಸ್ಥಳದಲ್ಲಿ ಇರಲಿಲ್ಲ. ಅವುಗಳ ಪಾಠವು ಉಳಿದಿರುವುದು ಆ ಮುದ್ರಿತ ದಾಖಲೆಯಿಂದ ಮಾತ್ರ.

ಸ್ವಯಂಸೇವಕರು ಮಾಡಬಹುದಾದ ಕಾರ್ಯಗಳು

1. ಪ್ರತಿ ಭಾಗದ ಛಾಯಾಚಿತ್ರವನ್ನು ಅಳತೆಪಟ್ಟಿಯೊಂದಿಗೆ ತೆಗೆದು, ದಿನಾಂಕ, ಸ್ಥಳ ಮತ್ತು ದಿಕ್ಕನ್ನು ನಮೂದಿಸುವುದು.
2. ಶಾಸನಗಳ ಚಿತ್ರವನ್ನು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆಯುವುದು. ಆಗ ಸವೆದ ಅಕ್ಷರಗಳೂ ಗೋಚರಿಸುತ್ತವೆ.
3. ಗೋಡೆಯ ಬಿರುಕುಗಳ ಅಗಲವನ್ನು ಮಳೆಗಾಲದ ಮೊದಲು ಹಾಗೂ ನಂತರ ಒಂದೇ ಜಾಗದಲ್ಲಿ ಅಳೆದು ಬರೆದಿಡುವುದು.
4. ಹಿರಿಯ ನಿವಾಸಿಗಳ ನೆನಪುಗಳನ್ನು ಹಾಗೂ ಹಳೆಯ ಛಾಯಾಚಿತ್ರಗಳನ್ನು ಸಂಗ್ರಹಿಸುವುದು.
5. ಅನುಮತಿ ಪಡೆದ ನಂತರ ಕಸ ತೆಗೆಯುವುದು.

ಮಾಡಬಾರದ ಕಾರ್ಯಗಳು

1. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಬಾರದು. ಸಿಮೆಂಟ್ ತೇವವನ್ನು ಒಳಗೇ ತಡೆಹಿಡಿಯುವುದರಿಂದ ಕಲ್ಲು ಪದರುಪದರಾಗಿ ಉದುರುತ್ತದೆ.
2. ಸಂದಿಯಲ್ಲಿ ಬೇರೂರಿದ ಆಲ, ಅರಳಿ ಗಿಡಗಳನ್ನು ಎಳೆದು ಕೀಳಬಾರದು. ಬೇರಿನೊಂದಿಗೆ ಕಲ್ಲುಗಳೂ ಕಿತ್ತುಬರುತ್ತವೆ.
3. ಶಾಸನಗಳಿಗೆ ಎಣ್ಣೆ, ಬಣ್ಣ, ಸೀಮೆಸುಣ್ಣ ಹಚ್ಚಬಾರದು; ಆಮ್ಲದಿಂದ ತೊಳೆಯಬಾರದು.
4. ಕಲ್ಲುಗಳನ್ನು ಸ್ಥಳಾಂತರಿಸಬಾರದು, ನೆಲವನ್ನು ಅಗೆಯಬಾರದು.

ಅನುಮತಿ ಮತ್ತು ಕಾನೂನು

ಅರ್ಜಿ ಸಲ್ಲಿಸುವ ಮೊದಲು ಸ್ಮಾರಕವು ಯಾರ ಅಧೀನದಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವೃತ್ತವನ್ನೂ, ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ ರಾಜ್ಯ ಪುರಾತತ್ತ್ವ ಇಲಾಖೆಯನ್ನೂ, ಉಳಿದವುಗಳಿಗೆ ಆಯಾ ಸ್ಥಳೀಯ ಸಂಸ್ಥೆ ಅಥವಾ ಮಾಲೀಕರನ್ನೂ ಸಂಪರ್ಕಿಸುವುದು. ಅರ್ಜಿಯಲ್ಲಿ ಕೈಗೊಳ್ಳುವ ಕಾರ್ಯ, ದಿನಾಂಕ ಹಾಗೂ ಭಾಗವಹಿಸುವವರ ಸಂಖ್ಯೆಯನ್ನು ತಿಳಿಸುವುದು ಸೂಕ್ತ.

1958ರ ಕೇಂದ್ರ ಕಾಯ್ದೆಯನ್ನು 2010ರಲ್ಲಿ ತಿದ್ದುಪಡಿ ಮಾಡಲಾಗಿದೆ. ಇದರನ್ವಯ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷಗಳವರೆಗೆ ಕಾರಾಗೃಹವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಕರ್ನಾಟಕ ಕಾಯ್ದೆಯು ಅನ್ವಯಿಸುತ್ತದೆ.

ದಾಖಲೆಗಳ ಒಂದು ಪ್ರತಿಯನ್ನು ಸಂಬಂಧಿಸಿದ ಕಚೇರಿಗೆ ತಪ್ಪದೇ ಸಲ್ಲಿಸತಕ್ಕದ್ದು. ಮುಂದೆ ದುರಸ್ತಿ ಕೈಗೊಳ್ಳುವಾಗ ಯಾವ ಕಲ್ಲು ಎಲ್ಲಿತ್ತು ಎಂಬುದಕ್ಕೆ ಆ ಪ್ರತಿಯೇ ಆಧಾರವಾಗುತ್ತದೆ.