ಸಾಲ ಮಾಡದವನಿಗೆ ಸಾಲ ಹುಟ್ಟದೆ?

ಈಚೆಗೆ ನಾವು ಕೂಡಲಸಂಗಮಕ್ಕೆ ಹೋಗಿದ್ದೆವು. ಕೃಷ್ಣಾ-ಮಲಪ್ರಭೆಯರ ಸಂಗಮ ನೋಡಿ ಮರಳುವಾಗ ಹುನಗುಂದದ ಕಡೆಯ ತರುಣ ರೈತನೊಬ್ಬ ಬಸ್‌ನಿಲ್ದಾಣದಲ್ಲಿ ಮಾತಿಗೆ ಸಿಕ್ಕ. ಪಂಪ್‌ಸೆಟ್ಟಿಗೆಂದು ಸಾಲ ಕೇಳಹೋದರೆ, ಹಿಂದೆ ಸಾಲ ಪಡೆದ ದಾಖಲೆಯೇ ಇಲ್ಲವೆಂದು ಹಿಂದಕ್ಕೆ ಕಳಿಸಿದರಂತೆ. “ಸಾಲ ಮಾಡದೇ ಇದ್ದದ್ದೂ ತಪ್ಪೇನ್ರಿ?” ಎಂದ.

ನಮ್ಮ ಕಾಫಿ, ಅಡಿಕೆ ತೋಟಗಳ ಮಕ್ಕಳ ಪಾಡೂ ಇದೇ. ಪಹಣಿ ತಂದೆಯ ಹೆಸರಿನಲ್ಲಿ. ಸಾಲ ತೀರಿಸಿದ ಒಳ್ಳೆಯ ಹೆಸರೂ ತಂದೆಗೇ. ಮಕ್ಕಳ ಪುಟ ಖಾಲಿ.

1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಸದಸ್ಯನ ನಡತೆಯನ್ನು ಊರವರೇ ಬಲ್ಲವರಾಗಿದ್ದರು. ಇಂದು ಬ್ಯಾಂಕು ನೋಡುವುದು 300ರಿಂದ 900ರವರೆಗಿನ ಸಿಬಿಲ್ ಅಂಕವನ್ನು. ಹಿಂದಿನ ಸಾಲ ತೀರಿಸಿದ ಬಗೆಯೇ ಅದಕ್ಕೆ ಆಧಾರ.

ಖಾಲಿ ಪುಟ ತುಂಬುವುದು ಹೇಗೆ? ಮಗನೋ ಮಗಳೋ ತಮ್ಮ ಹೆಸರಿನಲ್ಲೇ ಠೇವಣಿಯಿಟ್ಟು, ಅದರ ಆಧಾರದ ಮೇಲೆ ಸಣ್ಣ ಸಾಲ ಪಡೆದು, ಗಡುವು ಮೀರದಂತೆ ಕಟ್ಟಲಿ. ಈ ಲೆಕ್ಕ ಸಾಲ ಮಾಹಿತಿ ಕಂಪೆನಿಗೆ ಹೋಗುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ಹೋಗದಿದ್ದರೆ ಅಂಕ ಬೆಳೆಯದು. ಗೆಳೆಯನಿಗೆ ಜಾಮೀನು ನಿಲ್ಲುವ ಮುನ್ನ ಎಚ್ಚರ: ಅವನು ತಪ್ಪಿದರೆ ಕಲೆ ಇವರ ಪುಟಕ್ಕೂ ತಗಲುತ್ತದೆ. ವರ್ಷಕ್ಕೊಮ್ಮೆ ವರದಿ ಉಚಿತ. ತರಿಸಿ ನೋಡಿ, ತಪ್ಪಿದ್ದರೆ ತಿದ್ದಿಸಬೇಕು.

ಇನ್ನೊಂದು ಮಾತು. ಹಳೆಯ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಸಾಲದ ಅರ್ಜಿಯನ್ನು ತಳ್ಳಿಹಾಕಬಾರದೆಂದು ರಿಸರ್ವ್ ಬ್ಯಾಂಕು 2025ರ ಜನವರಿಯ ನಿರ್ದೇಶನದಲ್ಲಿ ಬ್ಯಾಂಕುಗಳಿಗೆ ಸಲಹೆ ಮಾಡಿದೆ. ಆ ತರುಣನಿಗೂ ಇದನ್ನೇ ಹೇಳಿ, ಮತ್ತೊಮ್ಮೆ ಅರ್ಜಿ ಕೊಡಲು ಒತ್ತಾಯಿಸಿ ಬಂದೆವು.

ಬೆಳೆಗಾರ ಬಂಧುಗಳೇ, ತೋಟ ಮಕ್ಕಳ ಕೈಗೆ ಬರುವ ಮೊದಲೇ ಅವರ ಹೆಸರಿನಲ್ಲೊಂದು ಪುಟ ತೆರೆಯಲಿ.